ಬಳ್ಳಿಯ ಪಕ್ಕದ ತಂತಿ

ನನಗೆ ಕಾಯಿಲೆಯಿದೆ ಎಂದು ಡಾಕ್ಟರಿಗಿಂತ ಮೊದಲು ಕಂಡುಹಿಡಿದವರು ನಮ್ಮ ಮನೆಯ ಓನರ್ ಅಜ್ಜಿ. ಕಂಡುಹಿಡಿದದ್ದು ಬಟ್ಟೆ ಒಣಹಾಕುವ ತಂತಿಯನ್ನು ನೋಡಿ.

ಬಾಗಲಗುಂಟೆಯಲ್ಲಿ ನಾವಿರುವ ಬಾಡಿಗೆ ಕಟ್ಟಡಕ್ಕೆ ಎರಡು ತಂತಿಗಳಿವೆ. ಒಂದು ಹಿತ್ತಲಿನಲ್ಲಿ, ಕಾಂಪೌಂಡ್ ಗೋಡೆಗೆ ಹಬ್ಬಿಕೊಂಡಿರುವ ಒಂದು ಬಳ್ಳಿಯ ಪಕ್ಕದಲ್ಲಿ. ಇನ್ನೊಂದು ಮೂರು ಮಹಡಿ ಹತ್ತಿದ ಮೇಲೆ ಟೆರೇಸಿನಲ್ಲಿ. ಅಜ್ಜಿಯ ಮನೆಯವರು ಈ ಊರಿನ ಮೂಲದವರು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈಗ ಎಂಟು ಬಾಡಿಗೆ ಮನೆಗಳು ನಿಂತಿವೆ. ಆ ಹೊಲದ ಬೇಲಿಯಲ್ಲಿದ್ದ ಬಳ್ಳಿಯನ್ನು ಮಾತ್ರ ಅಜ್ಜಿ ಬೇರು ಸಮೇತ ಕಿತ್ತು ತಂದು ಹಿತ್ತಲಲ್ಲಿ ನೆಟ್ಟುಕೊಂಡಿದ್ದರು. ಅದು ಮದ್ದಿನ ಬಳ್ಳಿ. ಹಾಗಾಗಿ ಬಾಡಿಗೆಗೆ ಬರುವ ಹೆಂಗಸರಿಗೆಲ್ಲ ಮೊದಲ ದಿನವೇ ಒಂದು ಕಟ್ಟಳೆ ಹೇಳುತ್ತಿದ್ದರು. ಮುಟ್ಟಾದರೆ ಮೂರು ದಿನ ಹಿತ್ತಲಿಗೆ ಬರುವಂತಿಲ್ಲ, ಬಟ್ಟೆಯನ್ನು ಟೆರೇಸಿನ ತಂತಿಗೆ ಹಾಕಬೇಕು. ಇಲ್ಲದಿದ್ದರೆ ಬಳ್ಳಿ ಒಣಗುತ್ತದೆ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗದಗದ ಕಡೆಯ ಹಳ್ಳಿಯಲ್ಲಿ ಇಂಥ ಕಟ್ಟಳೆಗಳ ವಿರುದ್ಧ ಅವ್ವನ ಜೊತೆ ಜಗಳವಾಡಿಯೇ ಬೆಳೆದವಳು ನಾನು. ಬೆಂಗಳೂರಿಗೆ ಬಂದಮೇಲೂ ಇದೇ ಗೋಳೇ ಎಂದು ರೇಗಿತು. ಮುಟ್ಟಾದ ಮೊದಲ ದಿನವೇ ಬೇಕೆಂದೇ ಹಿತ್ತಲಿಗೆ ಹೋಗುತ್ತೇನೆ, ಬಳ್ಳಿಗೆ ತಾಗುವಂತೆಯೇ ಬಟ್ಟೆ ಹಾಕುತ್ತೇನೆ, ಒಣಗಿದರೆ ಒಣಗಲಿ ಎಂದು ಗಂಡನ ಮುಂದೆ ಶಪಥ ಮಾಡಿದೆ. ಶಪಥ ತೀರಿಸುವ ಅವಕಾಶವೇ ಸಿಗಲಿಲ್ಲ. ಈ ಮನೆಗೆ ಬಂದು ಒಂದು ತಿಂಗಳಾಯಿತು, ಎರಡಾಯಿತು, ನಾಲ್ಕಾಯಿತು, ನನಗೆ ಮುಟ್ಟು ಬರಲೇ ಇಲ್ಲ.

ಸುಳ್ಳೇಕೆ ಹೇಳಲಿ, ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಹುಡುಗಿಯಾಗಿದ್ದಾಗಿನಿಂದಲೂ ಅದು ಮನಸ್ಸಿಗೆ ಬಂದಾಗ ಬಂದು ಹೋಗುವ ನೆಂಟರ ಥರ. ಬರದಿದ್ದರೆ ಶಿಫ್ಟಿನಲ್ಲಿ ತಾಪತ್ರಯವಿಲ್ಲ ಎಂದುಕೊಳ್ಳುತ್ತಿದ್ದೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದೇನೆ. ಮಷಿನ್ನಿನಿಂದ ಬರುವ ಬಿಡಿಭಾಗಗಳನ್ನು ಅಳೆದು, ಅಳತೆ ಬರೆದ ಡ್ರಾಯಿಂಗಿಗೆ ಹೊಂದಿದರೆ ಪಾಸ್ ಮಾಡುವುದು, ಇಲ್ಲದಿದ್ದರೆ ಕೆಂಪು ಡಬ್ಬಿಗೆ ಹಾಕುವುದು. ಎಂಟು ಗಂಟೆ ಸ್ಟೂಲಿನ ಮೇಲೆ ಕೂತೇ ಇರಬೇಕು. ಕ್ಯಾಂಟೀನಿನ ಟೀ ಪಾಯಸದಷ್ಟು ಸಿಹಿ, ನನಗೆ ಎರಡು ಲೋಟ ಬೇಕು. ಮದುವೆಯಾದ ನಾಲ್ಕು ವರ್ಷದಲ್ಲಿ ನಾನು ಎಂಬತ್ತಾರು ಕಿಲೋ ಆಗಿದ್ದೆ.

ಒಂದು ಭಾನುವಾರ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಅಜ್ಜಿ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾಕವ್ವ, ನಾಕ್ ತಿಂಗ್ಳಾಯ್ತು, ಒಂದಿನಾನೂ ಮ್ಯಾಲಕ್ಕೆ ಬಟ್ಟೆ ತಕ್ಕೊಂಡೋಗ್ಲಿಲ್ವಲ್ಲ ನೀನು. ಬಸ್ರಾ?"

"ಬಸುರಿಲ್ರಿ ಅಜ್ಜಿ, ಬರೇ ಬೊಜ್ಜು," ಎಂದೆ.

ಅಜ್ಜಿ ನಗಲಿಲ್ಲ. ನಾಲ್ಕು ತಿಂಗಳು ಸುಮ್ಮನೆ ಬಿಡುವ ವಿಷಯವಲ್ಲ ಇದು, ಡಾಕ್ಟರಿಗೆ ತೋರಿಸು ಎಂದರು. ಅವರ ಮುಖ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಬಾಡಿಗೆಯವಳ ತಂತಿಯನ್ನು ತಿಂಗಳುಗಟ್ಟಲೆ ಗಮನಿಸಿ, ಕೇಳುವುದೋ ಬೇಡವೋ ಎಂದು ತೂಗಿ, ಕೊನೆಗೆ ಕೇಳಿದ್ದರು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಆ ವಾರವೇ ಗಂಡನ ಜೊತೆ ಆಸ್ಪತ್ರೆಗೆ ಹೋದೆ. ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರು ನನಗಿಂತ ಹತ್ತು ವರ್ಷ ದೊಡ್ಡವರಿರಬಹುದಾದ ಒಬ್ಬ ಹೆಂಗಸು. ಪಿಸಿಓಡಿ ಇದೆ, ಜೊತೆಗೆ ಸಕ್ಕರೆಯೂ ಗಡಿಯ ಮೇಲೆ ನಿಂತಿದೆ ಎಂದು ಬಿಡಿಸಿ ಹೇಳಿದರು. ತೂಕ ಏರಿದಷ್ಟೂ ಮುಟ್ಟು ತಪ್ಪುತ್ತದೆ, ಮುಟ್ಟು ತಪ್ಪುವ ಮೈಗೆ ತೂಕ ಇಳಿಸುವುದು ಕಷ್ಟ, ಹೀಗೆ ಒಂದಕ್ಕೊಂದು ಗಂಟು ಬಿದ್ದಿದೆ ಎಂದರು. ಊಟವಾದ ಮೇಲೆ ತೆಗೆದುಕೊಳ್ಳಲು ಗುಳಿಗೆ ಬರೆದರು. ಸಿಹಿ ಬಿಡಬೇಕು, ದಿನಾ ನಡೆಯಬೇಕು.

ನಾನು ಮಗುವಿನ ಮಾತೆತ್ತಿದೆ. ಊರಿನಿಂದ ಅತ್ತೆ ಸೋಮವಾರಕ್ಕೊಮ್ಮೆ ಫೋನ್ ಮಾಡಿ, ಎಲ್ಲ ಕ್ಷೇಮವೇ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಆ ಸುಮ್ಮನಾಗುವುದೇ ಪ್ರಶ್ನೆ. ಡಾಕ್ಟರು, ಅದು ಆಮೇಲಿನ ಮಾತು, ಮೊದಲು ಮುಟ್ಟು ತಾನಾಗಿ ಒಂದು ಸಲ ಬರಲಿ, ಬಂದರೆ ನಿಮ್ಮ ಮೈ ದಾರಿಗೆ ಬರುತ್ತಿದೆ ಎಂದರ್ಥ ಎಂದರು. ಮೂರು ತಿಂಗಳು ಕಾಯೋಣ, ಬರದಿದ್ದರೆ ಬೇರೆ ಗುಳಿಗೆ ಕೊಟ್ಟು ಬರಿಸೋಣ ಎಂದೂ ಹೇಳಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ನನಗೆ ಅಳು ಬಂತು. ಬರದಿದ್ದರೆ ಒಳ್ಳೆಯದೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದನ್ನು ಈಗ ಬಾ ಬಾ ಎಂದು ಬೇಡಿಕೊಳ್ಳಬೇಕಾಗಿತ್ತು.

ಅಜ್ಜಿಗೆ ಅರ್ಧ ಮಾತ್ರ ಹೇಳಿದೆ. ಅಂಡಾಶಯದಲ್ಲಿ ಗುಳ್ಳೆಗಳಿವೆಯಂತೆ, ಸಕ್ಕರೆಯೂ ಸ್ವಲ್ಪ ಇದೆಯಂತೆ, ನಡೀಬೇಕಂತೆ. ಅಜ್ಜಿ ಬಳ್ಳಿಯಿಂದ ಎರಡು ಎಲೆ ಕಿತ್ತು ನನ್ನ ಅಂಗೈಗೆ ಹಾಕಿ ಅಗಿ ಎಂದರು. ಕಹಿ. ಅಗಿದು ನುಂಗಿದ ಮೇಲೆ ಒಳಗಿನಿಂದ ಒಂದು ಬೆಲ್ಲದ ಉಂಡೆ ತಂದು ಕೊಟ್ಟರು. ಬಾಯಿಗೆ ಹಾಕಿಕೊಂಡೆ. ಬೆಲ್ಲ ಮಣ್ಣಿನ ಹೆಂಟೆಯಂತಿತ್ತು. ಸಿಹಿ ಎಂಬುದೇ ಇಲ್ಲ. ನಾನು ಕಣ್ಣು ಬಿಟ್ಟು ನೋಡುವುದನ್ನು ಕಂಡು ಅಜ್ಜಿಗೆ ಬಹಳ ಖುಷಿಯಾಯಿತು.

ಬಳ್ಳಿಯ ಹೆಸರು ಕೇಳಿದೆ. ಹೇಳುವ ಹಾಗಿಲ್ಲ ಎಂದರು. ತಿನ್ನುವವರ ಕಿವಿಗೆ ಹೆಸರು ಬಿದ್ದರೆ ಮದ್ದು ಹಿಡಿಯುವುದಿಲ್ಲ, ತಮ್ಮ ಅತ್ತೆ ಬಳ್ಳಿಯ ಬುಡದ ಮಣ್ಣು ಮುಟ್ಟಿಸಿ ಆಣೆ ಮಾಡಿಸಿದ್ದರು ಎಂದರು. ದಿನಕ್ಕೆ ನಾಲ್ಕು ಎಲೆ, ಸಂಜೆ ಮೆಂತ್ಯ ಮತ್ತು ಒಂದು ಬೇರು ಹಾಕಿದ ಕಷಾಯ. ಪಥ್ಯ ಇರಬೇಕು. ಆಮೇಲೆ ಕೇಳಿದರು, ಬೇರೆ ಮದ್ದು ಏನೂ ಇಲ್ಲ ತಾನೇ?

ನಮ್ಮೂರಿನಲ್ಲಿ ಕಾಮಾಲೆಗೆ ಔಷಧಿ ಕೊಡುವ ಮುದುಕ, ಇಂಗ್ಲಿಷ್ ಮದ್ದು ಮುಟ್ಟಿದವರನ್ನು ಕಟ್ಟೆಯಿಂದಲೇ ಎಬ್ಬಿಸಿ ಕಳಿಸುತ್ತಿದ್ದ. ಅದೇ ನನ್ನ ತಲೆಯಲ್ಲಿತ್ತು. ಗುಳಿಗೆ ಇದೆ ಎಂದರೆ ಎಲೆ ಸಿಗುವುದಿಲ್ಲ. ಏನೂ ಇಲ್ಲ ಎಂದೆ. ಮುಂದಿನ ಸಲ ಡಾಕ್ಟರು, ಬೇರೆ ಏನಾದರೂ ತಗೊಳ್ತಿದ್ದೀರಾ ಎಂದು ಕೇಳಿದಾಗಲೂ ಏನೂ ಇಲ್ಲ ಎಂದೆ. ಎರಡು ದೋಣಿಯ ಮೇಲೆ ಕಾಲಿಟ್ಟೆ. ಎರಡು ಕಡೆಯಿಂದಲೂ ಲಾಭ ಎಂದು ನನ್ನ ಲೆಕ್ಕ.

ಎಲೆಯಿಂದ ಒಂದು ಉಪಕಾರವಂತೂ ಆಯಿತು. ನಾಲ್ಕರಲ್ಲಿ ಎರಡನ್ನು ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಹೋಗಿ, ಹತ್ತು ಗಂಟೆಯ ಟೀಗೆ ಮುಂಚೆ ಅಗಿಯುತ್ತಿದ್ದೆ. ಆಮೇಲೆ ಆ ಟೀ ಬಿಸಿನೀರು, ಅಷ್ಟೆ. ಮೂರು ದಿನ ಮುಖ ಸಿಂಡರಿಸಿ ಕುಡಿದೆ, ನಾಲ್ಕನೆಯ ದಿನ ಬಿಟ್ಟೆ. ಆಯುಧಪೂಜೆಗೆ ಕಾರ್ಖಾನೆಯಲ್ಲಿ ಹಂಚಿದ ಮೈಸೂರುಪಾಕು ಕಡಲೆಹಿಟ್ಟಿನ ಗೋಡೆಯಂತಿತ್ತು. ಪಕ್ಕದ ಬೆಂಚಿನ ಗೆಳತಿಗೆ ಕೊಟ್ಟುಬಿಟ್ಟೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಮ್ಮ ಹಿತ್ತಲಲ್ಲಿ ಇರೋದೇ ಮದ್ದು ಎಂದು ಗಂಡನ ಮುಂದೆ ಜಂಬ ಕೊಚ್ಚಿದೆ. ಗಂಡ ಪಾಪ, ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದ್ದರು.

ನಾಲ್ಕು ಕಿಲೋ ಇಳಿದೆ. ಆಗ ಬಂತು ಸಂಕಷ್ಟಿ.

ಮಗುವಿಗಾಗಿ ಸಂಕಷ್ಟಿ ಹಿಡಿಯಲು ಹೇಳಿದ್ದು ಅತ್ತೆ. ಚಂದ್ರ ಕಾಣುವವರೆಗೆ ಉಪವಾಸ. ಗುಳಿಗೆ ತಪ್ಪಿಸಬಾರದು ಎಂದು ಬೆಳಿಗ್ಗೆ ಖಾಲಿ ಹೊಟ್ಟೆಗೇ ನುಂಗಿದೆ. ಎಲೆಯೂ ತಪ್ಪಬಾರದಲ್ಲ, ಅದನ್ನೂ ಅಗಿದೆ. ಹತ್ತು ಗಂಟೆಗೆ ಅಭ್ಯಾಸಬಲದಿಂದ ಮತ್ತೆರಡು ಅಗಿದೆ. ದೇವರು, ಡಾಕ್ಟರು, ಅಜ್ಜಿ, ಅತ್ತೆ, ಯಾರಿಗೂ ಬೇಸರವಾಗಬಾರದು ಎಂದು ಎಲ್ಲರ ಮಾತನ್ನೂ ಒಂದೇ ದಿನ ನಡೆಸಿದೆ.

ಸ್ವಲ್ಪ ಹೊತ್ತಿಗೆ ಅಳೆಯುವ ಗೇಜು ಹಿಡಿದ ಕೈ ನಡುಗತೊಡಗಿತು. ಬೆವರು ಸುರಿಯಿತು, ಡ್ರಾಯಿಂಗಿನ ಗೆರೆಗಳು ಎರಡೆರಡಾದವು. ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತದ್ದು ನೆನಪಿದೆ. ನನ್ನ ಉಪವಾಸ ಗೊತ್ತಿದ್ದ ಗೆಳತಿ ಕ್ಯಾಂಟೀನಿಗೆ ಓಡಿ ಒಂದು ಹಿಡಿ ಸಕ್ಕರೆ ತಂದು ನನ್ನ ಬಾಯಿಗೆ ತುಂಬಿದಳು. ನಾನು ಥೂ ಎಂದು ಉಗಿದೆ.

"ಯಾಕ ಬಾಯಾಗ ಉಸುಕ ಹಾಕ್ತಿ?"

ಮರಳಲ್ಲ, ಸಕ್ಕರೆ ಎಂದು ಅವಳು ಎಷ್ಟು ಹೇಳಿದರೂ ನಾನು ನಂಬಲಿಲ್ಲ. ಕೊನೆಗೆ ಇಬ್ಬರು ನನ್ನ ಗಲ್ಲ ಹಿಡಿದು ಸಕ್ಕರೆ ನೀರು ಕುಡಿಸಿದರಂತೆ. ಸಕ್ಕರೆ ನೀರು ಮಾಡುವ ಕೆಲಸವನ್ನು ಮಾಡಿತು, ನನ್ನ ನಾಲಿಗೆಗೆ ಮಾತ್ರ ಗೊತ್ತಾಗಲಿಲ್ಲ. ಆ ಗೆಳತಿಯ ಹಟಕ್ಕೂ ನಾನು ಕೈಮುಗಿಯಬೇಕು.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು.

"ನಾಟಿ ಮದ್ದು ಬೇಡ ಅಂತ ನಾನು ಹೇಳ್ತಿಲ್ಲಮ್ಮ. ನಂಗೆ ಗೊತ್ತಿಲ್ದೆ ಬೇಡ."

ಅದೇನು ಎಲೆ, ಏನು ಬೇರು ಎಂದು ತಿಳಿದುಕೊಂಡು ಬನ್ನಿ, ಅಲ್ಲಿಯವರೆಗೆ ಎಲೆ ನಿಲ್ಲಿಸಿ ಎಂದರು. ಬಸ್ಸಿನಲ್ಲಿ ಕೂತು ಯೋಚಿಸಿದಾಗ ನಾಚಿಕೆಯಾಯಿತು. ಡ್ರಾಯಿಂಗ್ ಇಲ್ಲದೆ ಒಂದು ವಾಷರನ್ನೂ ಪಾಸ್ ಮಾಡದವಳು ನಾನು. ಸೂಪರ್‌ವೈಸರ್ ಬಂದು ನಿಂತರೂ ಡ್ರಾಯಿಂಗ್ ತನ್ನಿ ಸಾರ್ ಎನ್ನುತ್ತೇನೆ. ಅಂಥವಳು ಎರಡು ತಿಂಗಳು ಹೆಸರು ಗೊತ್ತಿಲ್ಲದ್ದನ್ನು ಅಗಿದಿದ್ದೆ, ಅಳತೆ ಬಲ್ಲವರಿಗೆ ಸುಳ್ಳನ್ನೂ ಹೇಳಿದ್ದೆ.

ಸಂಜೆ ಅಜ್ಜಿಯ ಮುಂದೆ ಗುಳಿಗೆಯ ವಿಷಯ ಹೇಳಿದೆ. ಅಜ್ಜಿ ಎದ್ದು ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದು ನನ್ನ ಮುಂದೆ ತೆರೆದರು. ತುಂಬ ಗುಳಿಗೆಗಳು. ಬಿಪಿಗೆ, ಮಂಡಿಗೆ.

"ನಾನ್ ನುಂಗ್ತಾ ಇಲ್ವಾ? ಬ್ಯಾರೆ ಮದ್ದು ಐತಾ ಅಂತ ಅದ್ಕೇ ಕಣೇ ಕೇಳಿದ್ದು. ಗುಳಿಗೆ ಐತೆ ಅಂದಿದ್ರೆ ಒಂದೇ ಎಲೆ ಕೊಡ್ತಿದ್ದೆ."

ಅವರು ಕೇಳಿದ್ದು ನನ್ನನ್ನು ಕಾಯುವುದಕ್ಕೆ, ನಾನು ಮುಚ್ಚಿಟ್ಟದ್ದು ನಮ್ಮೂರ ಮುದುಕನ ಭಯಕ್ಕೆ. ತಪ್ಪಾಯಿತು ಎಂದೆ. ಆಮೇಲೆ, ಡಾಕ್ಟರು ಹೆಸರು ಕೇಳಿದ್ದಾರೆ ಎಂದೆ. ಅಜ್ಜಿ ಡಬ್ಬಿ ಮುಚ್ಚಿಕೊಂಡು ಎದ್ದುಹೋದರು.

ಎರಡು ದಿನ ಮಾತಿಲ್ಲ. ನಾನು ಬಟ್ಟೆ ಹಾಕಲು ಹೋದರೆ ಅವರು ಹಿತ್ತಲಿನಿಂದ ಒಳಗೆ ಹೋಗುತ್ತಿದ್ದರು. ನಿಮ್ಮ ಅತ್ತೆಗೆ ಕೊಟ್ಟ ಆಣೆ ಮುರಿಯಿರಿ ಎಂದು ಕೇಳಲು ನಾನ್ಯಾರು? ಬಾಡಿಗೆಯವಳು, ಇವತ್ತು ಇದ್ದು ನಾಳೆ ಹೋಗುವವಳು. ಎಲೆ ಹೋದರೆ ಹೋಗಲಿ, ಅಜ್ಜಿಯ ಮನಸ್ಸು ಮುರಿದೆನಲ್ಲ ಎಂದು ಸಂಕಟವಾಗುತ್ತಿತ್ತು.

ಮೂರನೆಯ ದಿನ ನಾನು ಶಿಫ್ಟ್ ಮುಗಿಸಿ ಬರುವಾಗ ಅಜ್ಜಿ ಗಂಜಿ ಹಾಕಿದ ಸೀರೆ ಉಟ್ಟು ಗೇಟಿನ ಹತ್ತಿರ ನಿಂತಿದ್ದರು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಕಟ್ಟಿಕೊಂಡಿದ್ದರು. ನಡಿ, ನಿನ್ನ ಡಾಕ್ಟ್ರ ತಾವ ಹೋಗುವ ಎಂದರು.

ಡಾಕ್ಟರ ಕೋಣೆಗೆ ಇಬ್ಬರೂ ಹೋದೆವು. ಅಜ್ಜಿ ಕುರ್ಚಿಯಲ್ಲಿ ಕೂತು ಸೆರಗಿನ ಗಂಟು ಬಿಚ್ಚಿ ಎಲೆ, ಬೇರು ಮೇಜಿನ ಮೇಲಿಟ್ಟರು. ನನ್ನ ಕಡೆ ಕೈ ತೋರಿಸಿ ಹೇಳಿದರು.

"ಇವ್ಳನ್ನ ಆಚೆ ಕಳ್ಸವ್ವ. ತಿನ್ನೋರ ಕಿವೀಗೆ ಬೀಳ್ಬಾರ್ದು ಅಂತ ಆಣೆ ಐತೆ. ಕಾಯ್ಲೆ ನೋಡೋರ ಕಿವಿ ಬ್ಯಾರೆ."

ಎರಡು ದಿನ ಅವರು ಮುನಿಸಿಕೊಂಡಿದ್ದರು ಎಂದುಕೊಂಡಿದ್ದೆ. ಹಾವೂ ಸಾಯದ ಕೋಲೂ ಮುರಿಯದ ದಾರಿ ಹುಡುಕುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಹತ್ತು ನಿಮಿಷವಾದ ಮೇಲೆ ಒಳಗಿನಿಂದ ಇಬ್ಬರೂ ನಗುವುದು ಕೇಳಿಸಿತು. ಕರೆದಾಗ ಹೋದೆ. ಡಾಕ್ಟರಿಗೆ ಆ ಎಲೆ ಗೊತ್ತಿತ್ತು, ಅದು ಸಕ್ಕರೆ ಇಳಿಸಬಲ್ಲದು, ಅದಕ್ಕೇ ತಾನು ಕೊಡುವ ಗುಳಿಗೆಯ ಜೊತೆ ಹುಷಾರಾಗಿರಬೇಕು ಎಂದರು. ದಿನಕ್ಕೆ ಒಂದೇ ಎಲೆ, ಉಪವಾಸ ಬಂದ್, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಮೈ ಸ್ವಲ್ಪ ನಡುಗಿದರೂ ಎಲೆ ನಿಲ್ಲಿಸಿ ಬರಬೇಕು. ಬೇರು ಬೇಡವೇ ಬೇಡ. ಬೇರು ತನ್ನ ಅತ್ತೆ ಹೇಳಿದ್ದಲ್ಲ, ಬೇಗ ಗುಣವಾಗಲಿ ಎಂಬ ಆಸೆಗೆ ತಾನೇ ಸೇರಿಸಿದ್ದು ಎಂದು ಅಜ್ಜಿ ತಲೆ ತಗ್ಗಿಸಿ ಒಪ್ಪಿಕೊಂಡರು. ಎಲೆಯ ಹೆಸರನ್ನು ಡಾಕ್ಟರು ನನ್ನ ಫೈಲಿನಲ್ಲಿ ಬರೆದಿದ್ದಾರೆ. ಅವರ ಅಕ್ಷರ ಓದುವವರು ಇನ್ನೂ ಹುಟ್ಟಿಲ್ಲ, ಹಾಗಾಗಿ ಆಣೆಗೂ ಧಕ್ಕೆಯಾಗಲಿಲ್ಲ.

ಗಿಡದ ಫೋಟೋ ತೆಗೆದರೆ ಹೆಸರು ಹೇಳುವ ಆ್ಯಪ್ ಇದೆ ಎಂದು ಗಂಡ ಹೇಳುತ್ತಾರೆ. ನಾನು ತೆಗೆದಿಲ್ಲ. ಡ್ರಾಯಿಂಗ್ ಓದಬಲ್ಲವರ ಹತ್ತಿರ ಇದೆ, ಸಾಕು.

ನಡೆಯಲು ಬೇಸರ ಎಂದು ನಾನು ಡಾಕ್ಟರ ಮುಂದೆ ಹೇಳಿದ್ದನ್ನು ಅಜ್ಜಿ ಕೇಳಿಸಿಕೊಂಡಿದ್ದರು. ಮರುದಿನದಿಂದ ಸಂಜೆ ಐದಕ್ಕೆ ನನ್ನ ಬಾಗಿಲು ತಟ್ಟತೊಡಗಿದರು. ಅವರ ಮಂಡಿ ನೋವಿಗೆ ಮೊದಲು ಬೀದಿಯ ಕೊನೆಯವರೆಗೆ ಮಾತ್ರ ಬರುತ್ತಿದ್ದರು, ಅಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಸುತ್ತು ಹಾಕಿ ಬರುವುದನ್ನು ಎಣಿಸುತ್ತಿದ್ದರು. ಒಂದು ಸುತ್ತು ಕದ್ದರೆ ಗೊತ್ತಾಗಿಬಿಡುತ್ತಿತ್ತು. ಬರುವಾಗ, ಈ ಪೌಡರ್ ಕೋಟಿಂಗ್ ಶೆಡ್ ಇರುವಲ್ಲಿ ಹುಣಸೆ ಮರವಿತ್ತು, ಇಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆವು ಎಂದು ತೋರಿಸುತ್ತಿದ್ದರು. ಬೆಂಗಳೂರಿಗೆ ಬಂದ ನಾಲ್ಕು ವರ್ಷದಲ್ಲಿ ನಾನು ಬರೀ ಬಸ್ ಸ್ಟಾಪ್ ನೋಡಿದ್ದೆ. ಆ ಸಂಜೆಗಳಲ್ಲಿ ಊರು ನೋಡಿದೆ. ಎಂಬತ್ತೆರಡು ಕಿಲೋ ಇದ್ದವಳು ಎಂಬತ್ತಕ್ಕೆ ಬಂದೆ, ಅಲ್ಲಿ ನಿಂತೆ. ಮೂರು ತಿಂಗಳು ಮುಗಿಯಲು ಹತ್ತಿರ ಬಂತು. ಮುಟ್ಟು ಬರಲಿಲ್ಲ.

ಆಸ್ಪತ್ರೆಗೆ ಹೋಗುವುದು ಮಂಗಳವಾರ ಎಂದು ಗೊತ್ತಾಗಿತ್ತು. ಬೇರೆ ಗುಳಿಗೆ ಕೊಟ್ಟು ಬರಿಸುವುದರಲ್ಲಿ ತಪ್ಪೇನಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾನೂ ನನಗೆ ಹೇಳಿಕೊಳ್ಳುತ್ತಿದ್ದೆ. ಆದರೂ ಒಳಗೊಳಗೇ ಸೋತಂತೆ ಅನ್ನಿಸುತ್ತಿತ್ತು. ಡಾಕ್ಟರ ಕೋಣೆಯಲ್ಲಿ ಈ ಗಡುವು ಕೇಳಿಸಿಕೊಂಡಿದ್ದ ಅಜ್ಜಿಗೂ ಶನಿವಾರ ಸಂಜೆ ಮಾತು ಕಡಿಮೆಯಾಗಿತ್ತು. ಸುತ್ತು ಎಣಿಸುವುದನ್ನೂ ಮರೆತರು.

ಭಾನುವಾರ ಬೆಳಿಗ್ಗೆ ಹೊಟ್ಟೆ ಹಿಂಡಿತು. ಬಚ್ಚಲಿಗೆ ಹೋದವಳು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಗಂಡ ಬಾಗಿಲು ತಟ್ಟಿ ಏನಾಯಿತು ಎಂದರು. ಬಂತು ಎಂದೆ. ಅವರು ಹೊರಗೆ, ನಾನು ಒಳಗೆ, ಬಾಗಿಲಿನ ಎರಡು ಕಡೆ ನಿಂತು ಅತ್ತೆವು. ಗುಳಿಗೆಯಿಂದ ಬಂತೋ, ಎಲೆಯಿಂದಲೋ, ಬಿಟ್ಟ ಟೀಯಿಂದಲೋ, ಎಣಿಸಿದ ಸುತ್ತುಗಳಿಂದಲೋ ನನಗೆ ಗೊತ್ತಿಲ್ಲ. ಮಂಗಳವಾರ ಡಾಕ್ಟರನ್ನು ಕೇಳಿದಾಗ ಅವರು, ಎಲ್ಲ ಸೇರಿ ಅಂದುಕೊಳ್ಳಿ, ಯಾವುದನ್ನೂ ಬಿಡಬೇಡಿ ಎಂದರು.

ಆ ಬೆಳಿಗ್ಗೆ ಬಟ್ಟೆ ಒಗೆದು ಬಕೆಟ್ ಎತ್ತಿಕೊಂಡು ಹಿತ್ತಲ ಬಾಗಿಲಿನವರೆಗೆ ಹೋದೆ. ಹೋಗಿ ನಿಂತೆ. ಬೇಕೆಂದೇ ಬಳ್ಳಿಗೆ ತಾಗುವಂತೆ ಬಟ್ಟೆ ಹಾಕುತ್ತೇನೆ ಎಂದು ಶಪಥ ಮಾಡಿದ್ದವಳು ನಾನೇ. ತಿರುಗಿ, ತುಂಬಿದ ಬಕೆಟ್ ಹೊತ್ತು ಮೂರು ಮಹಡಿ ಹತ್ತಿದೆ. ಟೆರೇಸಿನ ತಂತಿಗೆ ಮೊದಲ ಸಲ ನನ್ನ ಬಟ್ಟೆ ಹಾಕಿದೆ. ಆ ಕಟ್ಟಳೆಯನ್ನು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅಜ್ಜಿಗೆ ಈ ಸುದ್ದಿಯನ್ನು ಹೇಳಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ತೋಚಲಿಲ್ಲ.

ಕೆಳಗೆ ಹಿತ್ತಲು ಗುಡಿಸುತ್ತಿದ್ದ ಅಜ್ಜಿ ತಲೆ ಎತ್ತಿದರು. ಹಣೆಗೆ ಕೈ ಅಡ್ಡ ಹಿಡಿದು ತಂತಿಯ ಮೇಲಿನ ನನ್ನ ಹಸಿರು ನೈಟಿಯನ್ನು ಬಹಳ ಹೊತ್ತು ನೋಡಿದರು. ಪೊರಕೆ ಕೈಯಿಂದ ಬಿತ್ತು. ಇಳಿದು ಬಾ ಎಂದು ಕೈಸನ್ನೆ ಮಾಡಿದರು.

ಇಳಿದು ಬಂದು ಹಿತ್ತಲ ಹೊಸ್ತಿಲ ಈಚೆಗೇ ನಿಂತೆ.

"ಇವತ್ತ ನಾ ಅಲ್ಲಿಗಿ ಬರಂಗಿಲ್ರಿ ಅಜ್ಜಿ," ಎಂದೆ.

ಅಜ್ಜಿ ಬಂದು ನನ್ನ ಮಣಿಕಟ್ಟು ಹಿಡಿದು ಹೊಸ್ತಿಲು ದಾಟಿಸಿದರು. ಬಳ್ಳಿಯ ಹತ್ತಿರ ಕರೆದುಕೊಂಡು ಹೋಗಿ ನನ್ನ ಅಂಗೈಯನ್ನು ಅದರ ಬುಡದ ಕಾಂಡದ ಮೇಲಿಟ್ಟು, ಮೇಲೆ ತಮ್ಮ ಕೈ ಇಟ್ಟರು.

"ಮೂರ್ ತಿಂಗ್ಳು ನಿಂಗೋಸ್ಕರ ದುಡಿದೈತೆ. ಅದ್ಕೂ ತಿಳೀಲಿ."

ಆಮೇಲೆ ಅಜ್ಜಿ ಕಣ್ಣೊರೆಸಿಕೊಂಡು, ಮೇಲಿನ ಬಟ್ಟೆ ಇಳಿಸಿಕೊಂಡು ಬಾ ಎಂದರು. ನಾನು ಮತ್ತೆ ಮೂರು ಮಹಡಿ ಹತ್ತಿ, ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ತುಂಬಿಕೊಂಡು ಇಳಿದು, ಬಳ್ಳಿಯ ಪಕ್ಕದ ತಂತಿಗೆ ಒಂದೊಂದಾಗಿ ಹಾಕಿದೆ. ಅಜ್ಜಿ ಪಕ್ಕದಲ್ಲಿ ನಿಂತು ಕ್ಲಿಪ್ಪುಗಳನ್ನು ಕೊಡುತ್ತಿದ್ದರು.